ಸವ್ವಾ ರೂಪಾಯಿ ಈಗ ಎಲ್ಲಿಂದ ತರಬೇಕು?

ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾವ ಪೂಜೆಗೆ ಕೂತರೂ ಒಂದು ಹಂತದಲ್ಲಿ ಅಯ್ಯನವರೋ ಮನೆಯ ಹಿರಿಯರೋ "ಸವ್ವಾ ರೂಪಾಯಿ ಇಡ್ರಿ" ಅನ್ನುತ್ತಾರೆ. ಒಂದು ಬಂದಾ, ಅಂದರೆ ಇಡೀ ರೂಪಾಯಿ, ಅದರ ಮೇಲೊಂದು ಪಾವಲಿ. ಪಾವಲಿ ಅಂದರೆ ನಾಲ್ಕಾಣೆ, 25 ಪೈಸೆ. ಅದರ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಮಾತು ಉಳಿಯಿತು, ನಾಣ್ಯ ಹೋಯಿತು. ಹೀಗಾಗಿ ಈಗ ತಾಟಿನಲ್ಲಿ ಕೈಗೆ ಸಿಕ್ಕದ್ದು ಬೀಳುತ್ತದೆ: ಒಂದು ಮನೆಯಲ್ಲಿ ಒಂದೇ ರೂಪಾಯಿ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಹತ್ತರ ನೋಟು.

ಸವ್ವಾ ಅನ್ನುವುದು ಮೊತ್ತಕ್ಕಿಂತ ಹೆಚ್ಚಾಗಿ ಒಂದು ಪ್ರಮಾಣ. ತುಂಬಿದ ಒಂದು, ಅದರ ಮೇಲೆ ಅದರದೇ ಕಾಲು ಭಾಗ. ಲೆಕ್ಕ ಅಲ್ಲಿಗೇ ಮುಚ್ಚದೆ ಮುಂದುವರಿಯಲಿ ಎಂಬುದು ಅದರ ಆಶಯ. ಆದ್ದರಿಂದ ಬರೀ ಒಂದು ರೂಪಾಯಿ ಇಟ್ಟರೆ ಅದು ಸಣ್ಣ ದಕ್ಷಿಣೆ ಆಗುವುದಿಲ್ಲ, ಬೇರೆಯದೇ ದಕ್ಷಿಣೆ ಆಗುತ್ತದೆ.

ಸರಿಯಾದ ದಾರಿ ಲೆಕ್ಕದಲ್ಲೇ ಇದೆ. ಸವ್ವಾ ರೂಪಾಯಿಯಲ್ಲಿ ಐದು ಪಾವಲಿ. ಒಂದೊಂದು ಪಾವಲಿಯ ಜಾಗಕ್ಕೂ ಒಂದೊಂದು ರೂಪಾಯಿ ಇಡಿ, ಐದು ರೂಪಾಯಿ ಆಯಿತು. ಐದೂಕಾಲು ಅಂದರೆ 21 ಪಾವಲಿ, ಅದಕ್ಕೆ 21 ರೂಪಾಯಿ. ಹನ್ನೊಂದೂಕಾಲಿಗೆ 45. ಐದು, ಇಪ್ಪತ್ತೊಂದು ಎರಡೂ ನಮ್ಮಲ್ಲಿ ಮೊದಲೇ ಶುಭದ ಎಣಿಕೆಗಳು, ಹಾಗಾಗಿ ಹಿರಿಯರೂ ತಕರಾರು ತೆಗೆಯುವುದಿಲ್ಲ. ಇಲ್ಲಿ ಎಣಿಕೆಯೇ ಮುಖ್ಯ. ಐದು ರೂಪಾಯಿಯ ಒಂದೇ ನಾಣ್ಯ ಇಟ್ಟರೆ ಎಣಿಕೆ ಹೋಯಿತು, ಒಂದೊಂದರ ಐದು ಬಿಡಿ ನಾಣ್ಯಗಳೇ ಬೇಕು.

ಎರಡನೆಯ ದಾರಿ ಇಪ್ಪತ್ತರ ನಾಣ್ಯ ಬಂದ ಮೇಲೆ ಸಾಧ್ಯವಾದದ್ದು. ಹನ್ನೆರಡು ಅಂಚಿನ ಇಪ್ಪತ್ತು ರೂಪಾಯಿ ಕೆಳಗೆ, ಐದರ ಹಳದಿ ನಾಣ್ಯ ಮೇಲೆ. ಇಪ್ಪತ್ತರ ಕಾಲು ಐದು, ಅಂದರೆ ಸವ್ವಾದ ಪ್ರಮಾಣ ಎರಡೇ ನಾಣ್ಯದಲ್ಲಿ ಕೂಡುತ್ತದೆ. ಕಲಶ, ಉಡಿ, ಹೊಸ್ತಿಲಿಗೆ ಐದು ಬಿಡಿ ರೂಪಾಯಿ ಇಡಿ. ಮನುಷ್ಯರ ಕೈಗೆ ಕೊಡುವ ದಕ್ಷಿಣೆಗೆ ಇಪ್ಪತ್ತು-ಐದು, ಇಲ್ಲವೇ ಅದರ ಗುಣಕ: ನೂರು ಇಟ್ಟು ಮೇಲೆ ಇಪ್ಪತ್ತೈದು, ನಾನೂರು ಇಟ್ಟು ಮೇಲೆ ನೂರು. ಎರಡು ತಾಸು ಕೂತು ಪೂಜೆ ಮಾಡಿಸಿದವರ ಕೈಗೆ ಐದೇ ರೂಪಾಯಿ ಇಟ್ಟು "ಶಾಸ್ತ್ರ ಆಯಿತು" ಅನ್ನುವುದು ತಪ್ಪು. ಹಿಂದಿನ ಸವ್ವಾ ರೂಪಾಯಿಗೆ ಆ ಕಾಲದಲ್ಲಿ ತೂಕ ಇತ್ತು.

ಎಷ್ಟು ತೂಕ? ನಮ್ಮ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಇಲ್ಲಿ ಎರಡು ಬಗೆಯ ರೂಪಾಯಿ ಓಡಾಡುತ್ತಿದ್ದವು. ಒಂದು ನಿಜಾಮರ ಹಾಲಿ ಸಿಕ್ಕಾ, ಚಾರ್‌ಮಿನಾರ್ ಚಿತ್ರದ್ದು, ಸುಮಾರು 11.18 ಗ್ರಾಂ. ಇನ್ನೊಂದು ಬ್ರಿಟಿಷರ ಕಲ್ದಾರ್, 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲಿ. ಬೆಳ್ಳಿಯ ಪ್ರಮಾಣ ಹಾಲಿಯಲ್ಲಿ ಕಡಿಮೆ, ಕಲ್ದಾರ್‌ನಲ್ಲಿ ಹೆಚ್ಚು. ಸುಮಾರು ಏಳು ಹಾಲಿಗೆ ಆರು ಕಲ್ದಾರ್ ಸಮ. ಹಳೆಯ ಹರಕೆಯ ಚೀಟಿಯಲ್ಲೋ ಮನೆತನದ ಲೆಕ್ಕದ ವಹಿಯಲ್ಲೋ "ಕಲ್ದಾರ್ 5" ಎಂದು ಬರೆದಿದ್ದರೆ ಅದು ಐದು ತೊಲಿ ನಾಣ್ಯ-ಬೆಳ್ಳಿಯ ಮಾತು. ಇವತ್ತಿನ ಒಂದು ರೂಪಾಯಿ 3.09 ಗ್ರಾಂನ ಸ್ಟೇನ್‌ಲೆಸ್ ಉಕ್ಕು, ಕಬ್ಬಿಣ ಮತ್ತು ಕ್ರೋಮಿಯಂ. ಹೆಸರು ಅದೇ, ವಸ್ತು ಬೇರೆ.

ಹೀಗಾಗಿ ಹಳೆಯ ಯಾವುದೇ ವಿಧಿಯನ್ನು ಇಂದಿಗೆ ಹೊಂದಿಸುವ ಮೊದಲು ಆ ವಿಧಿಯಲ್ಲಿ ನಾಣ್ಯ ಯಾವ ಕೆಲಸ ಮಾಡುತ್ತಿತ್ತು ಎಂದು ಕೇಳಿಕೊಳ್ಳಬೇಕು. ಕೆಲವು ಕಡೆ ಅದರ ಲೋಹ ಬೇಕು, ಕೆಲವು ಕಡೆ ಎಣಿಕೆ, ಕೆಲವು ಕಡೆ ಬೆಲೆ. ಇನ್ನು ಕೆಲವು ಕಡೆ ಇವು ಯಾವುವೂ ಅಲ್ಲ, ಕೈಯಿಂದ ಬಿಟ್ಟುಕೊಡುವುದೇ ವಿಧಿ. ಲೋಹ ಬೇಕಾದ ಕಡೆ ಉಕ್ಕಿನ ರೂಪಾಯಿ ಕೆಲಸಕ್ಕೆ ಬಾರದು. ಸರಾಫರಲ್ಲಿ 999 ಮುದ್ರೆಯ ಒಂದು ಗ್ರಾಂ ಬೆಳ್ಳಿ ಬಿಲ್ಲೆ ತನ್ನಿ, ಎಣಿಕೆಗೆ ರೂಪಾಯಿ ಬೇರೆ ಇಡಿ. ಬೆಲೆ ಮುಖ್ಯವಾದ ಕಡೆ ನಾಣ್ಯಕ್ಕೇ ಜೋತುಬೀಳಬೇಕಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ನಂದಾದೀಪಕ್ಕೆ ಗದ್ಯಾಣ ಬಿಟ್ಟದ್ದು ಓದುತ್ತೇವೆ. ಆ ಹೊನ್ನನ್ನು ದೀಪದ ಮುಂದೆ ಸುರಿದು ಬಿಟ್ಟಿರಲಿಲ್ಲ, ಅಸಲು ಉಳಿಸಿ ಬಡ್ಡಿಯಲ್ಲಿ ಎಣ್ಣೆ ತರಲು ಕೊಟ್ಟಿದ್ದರು. ಇಂದು ಗುಡಿಯ ಹೆಸರಿನಲ್ಲಿ ಬ್ಯಾಂಕಿನ ಠೇವಣಿ ಇಟ್ಟು ಬಡ್ಡಿ ಎಣ್ಣೆಗೆ ಎಂದು ಬರೆದುಕೊಟ್ಟರೆ ಅದು ಆ ಕಾಲದ ದತ್ತಿಯ ನೇರ ಮುಂದುವರಿಕೆ.

ಮುಡುಪು

ಘತ್ತರಗಿ ಭಾಗ್ಯವಂತಿಗೋ, ಮೈಲಾಪುರದ ಮಲ್ಲಯ್ಯನಿಗೋ, ಹುಮನಾಬಾದ್ ವೀರಭದ್ರನಿಗೋ ಬೇಡಿಕೊಂಡು ಮನೆಯಲ್ಲಿ ಕಾಸು ಕಟ್ಟಿಡುವುದು ಎಲ್ಲರಿಗೂ ಗೊತ್ತು. ಕಟ್ಟುವ ಬಗೆಯಲ್ಲಿ ಮಾತ್ರ ಈಗೀಗ ಬಹಳ ಕೆಡುತ್ತಿದೆ. ವರ್ಷ ಬಿಟ್ಟು ಬಿಚ್ಚಿದರೆ ಬಟ್ಟೆಗೆ ತುಕ್ಕಿನ ಕಲೆ, ಒಳಗೆ ಹುಳು, ಯಾರ ಹರಕೆ ಎಂಬುದು ಯಾರಿಗೂ ನೆನಪಿಲ್ಲ.

ಬಟ್ಟೆ ಹೊಸದು, ಹತ್ತಿಯದು, ಒಂದು ಗೇಣು ಚೌಕ ಸಾಕು. ಅಂಗಡಿಯ ಗಂಜಿ ಹೋಗುವಂತೆ ಮೊದಲು ನೀರಿನಲ್ಲಿ ಹಿಂಡಿ. ಒಂದು ಚಮಚ ಅರಿಷಿಣಕ್ಕೆ ಅರ್ಧ ಬಟ್ಟಲು ನೀರು ಹಾಕಿ ಅದ್ದಿ, ನೆರಳಲ್ಲಿ ಪೂರ್ತಿ ಒಣಗಿಸಿ. ಇದೇ ಹೆಜ್ಜೆಯಲ್ಲಿ ಅವಸರ ಮಾಡುವುದು. "ಒದ್ದಿ ಅರಿವಿ" ಶುದ್ಧ ಎಂದು ಹಸಿಯಾಗಿಯೇ ಕಟ್ಟಿದರೆ ಬೂಷ್ಟು ಗ್ಯಾರಂಟಿ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಕೂತು ಕಟ್ಟುವುದಾದರೂ ಕಟ್ಟುವ ತುಂಡು ಒಣಗಿರಲಿ. ಅರಿಷಿಣಕ್ಕೆ ಸೋಡಾ, ಸುಣ್ಣ ತಾಕಿದರೆ ಕೆಂಪಾಗುತ್ತದೆ. ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆ ಅದ್ದಿದ ಕೂಡಲೇ ಕೆಂಪು ತಿರುಗಿದರೆ ಅಪಶಕುನ ಎಂದು ಹೆದರಬೇಡಿ, ಸೋಪಿನ ಕ್ಷಾರ ಉಳಿದಿದೆ ಅಷ್ಟೇ. ಮತ್ತೆರಡು ಸಲ ಬರೀ ನೀರಿನಲ್ಲಿ ಹಿಂಡಿ.

ನಾಣ್ಯ ಯಾವುದು? ತಿಂಗಳೊಪ್ಪತ್ತಿನ ಹರಕೆಗೆ ಒಂದರ ಉಕ್ಕಿನ ನಾಣ್ಯ ನಡೆಯುತ್ತದೆ. ವರ್ಷಗಟ್ಟಲೆ ಇರುವುದಕ್ಕೆ ಐದರ ಹಳದಿ ನಾಣ್ಯ ಒಳ್ಳೆಯದು. ಅದರಲ್ಲಿ ನಿಕ್ಕೆಲ್-ಹಿತ್ತಾಳೆ ಇರುವುದರಿಂದ ತುಕ್ಕಿನ ಕೆಂಪು ಕಲೆ ಬಿಡುವುದಿಲ್ಲ. ನಾಣ್ಯವನ್ನು ಸೋಪಿನಲ್ಲಿ ತೊಳೆದು ಒರೆಸಿ ಒಣಗಿಸಿ. ಬೆವರಿನ ಉಪ್ಪು ನಾಣ್ಯದ ಮೇಲೆ ಉಳಿದರೆ ಸ್ಟೇನ್‌ಲೆಸ್ ಉಕ್ಕಿಗೂ ಚುಕ್ಕೆ ಚುಕ್ಕೆ ತುಕ್ಕು ಬೀಳುತ್ತದೆ.

ಅಕ್ಕಿ ಹಾಕಲೇಬೇಕೆಂದರೆ ಐದು ಕಾಳು, ಮುಷ್ಟಿ ಬೇಡ. ಹುಳು ಬೀಳುವುದು ಅದರಿಂದಲೇ. ಅಡಕಿಗೂ ಕೊರೆಯುವ ಹುಳು ಬರುತ್ತದೆ. ಒಂದು ಅರಿಷಿಣ ಕೊಂಬು ಇಟ್ಟರೆ ಸಾಕು. ಒಳಗೆ ಒಂದು ಚೀಟಿ ಇಡಿ: ಯಾವ ದೇವರು, ಯಾರ ಸಲುವಾಗಿ, ಏನು ಮಾಡುತ್ತೇವೆ ಎಂದು ಒಪ್ಪಿದ್ದು, ತಾರೀಖು. ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಮಸಿ ಅರಿಷಿಣದ ತೇವಕ್ಕೆ ಹರಡುತ್ತದೆ. ಬೇಡಿಕೆ ಗುಟ್ಟಾಗಿರಬೇಕು ಎನ್ನುವವರು ಅದನ್ನು ಬಿಟ್ಟು ದೇವರ ಹೆಸರು, ತಾರೀಖು ಇಷ್ಟಾದರೂ ಬರೆಯಲಿ. ಕಟ್ಟಿದವರು ತೀರಿಕೊಂಡ ಮೇಲೆ ಮನೆಯವರು ಎದುರಿಸುವ ದೊಡ್ಡ ಗೊಂದಲ ಇದೇ. ಮೂರು ಗಂಟು ಹಾಕಿ ದೇವರ ಮಾಡದಲ್ಲಿ ಇಡಿ, ದೀಪದ ನೇರ ಮೇಲೆ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ, ಒಳಗಿನ ತೇವ ಅಲ್ಲೇ ನಿಲ್ಲುತ್ತದೆ.

ತೀರಿಸುವ ದಿನ ಗುಡಿಯಲ್ಲಿ ಗಂಟು ಬಿಚ್ಚಿ ನಾಣ್ಯ ಮಾತ್ರ ಕಾಣಿಕೆ ಪೆಟಗಿಗೆ ಹಾಕಿ. ಗಂಟಿನ ಸಮೇತ ಹಾಕಿದರೆ ಎಣಿಸುವವರು ಒಂದೊಂದನ್ನೇ ಬಿಚ್ಚಬೇಕು. ಜಾತ್ರೆಯ ನಂತರ ಎಣಿಕೆಗೆ ಕೂತವರ ಕೈಗೆ ಇಂತಹ ನೂರಾರು ಗಂಟು ಬರುತ್ತವೆ. ಬಟ್ಟೆಯನ್ನು ಮನೆಗೆ ತಂದು ಗಿಡದ ಬುಡದಲ್ಲಿ ಹೂಳಬಹುದು.

ಅಜ್ಜಿ ಕಟ್ಟಿದ ಗಂಟಿನಲ್ಲಿ ಘೇಂಡಾಮೃಗದ ಚಿತ್ರದ ಪಾವಲಿ ಸಿಕ್ಕಿತು ಅನ್ನಿ. ಅದನ್ನು ಪೆಟಗಿಗೆ ಹಾಕಿದರೆ ಗುಡಿಯವರಿಗೆ ಬ್ಯಾಂಕಿನಲ್ಲಿ ನಡೆಯದ ಭಾರ. ಮೇಲಿನ ಲೆಕ್ಕದಂತೆ ಪಾವಲಿಗೊಂದು ರೂಪಾಯಿ ಎಣಿಸಿ ಹೊಸ ನಾಣ್ಯ ಹಾಕಿ, ಹಳೆಯದನ್ನು ದೇವರ ಪಾದಕ್ಕೆ ಮುಟ್ಟಿಸಿ ಮನೆಯ ಮಾಡಕ್ಕೆ ತನ್ನಿ. ನನ್ನ ಮಟ್ಟಿಗೆ ಹರಕೆ ಹೀಗೆ ಪೂರ್ತಿ ತೀರುತ್ತದೆ. ಅಜ್ಜಿ ಒಪ್ಪಿಕೊಂಡದ್ದು ದೇವರಿಗೆ ಕೊಡುತ್ತೇನೆ ಎಂದು. ಕೊಟ್ಟದ್ದು ಅಲ್ಲಿ ಉಪಯೋಗಕ್ಕೆ ಬರಬೇಕು.

ಮೈಲಾಪುರದ ಉದಾಹರಣೆಯೇ ಕಣ್ಣ ಮುಂದೆ ಇದೆ. ಸಂಕ್ರಾಂತಿಯ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆ ಇತ್ತು. ಜಿಲ್ಲಾಡಳಿತ ನಿಷೇಧಿಸಿ ದಾರಿಯಲ್ಲೇ ತಡೆಯಲು ಶುರು ಮಾಡಿದೆ. ಭಂಡಾರ ಎರಚುವುದು ನಡೆದೇ ಇದೆ, ಏಳುಕೋಟಿಯ ಘೋಷ ಕಡಿಮೆಯಾಗಿಲ್ಲ. ಅರ್ಪಣೆಯ ವಸ್ತು ಬದಲಾಗಿಯೂ ಭಕ್ತಿ ನಿಲ್ಲುತ್ತದೆ.

ಇಮಾಮ್ ಜಾಮೀನ್

ಮುಡುಪಿನ ಸೋದರ ಸಂಪ್ರದಾಯ ಇದು, ಕಲಬುರಗಿ, ಬೀದರ್‌ನ ಮುಸ್ಲಿಂ ಮನೆಗಳಲ್ಲಿ ನೋಡಬಹುದು. ದೂರ ಹೊರಟವರ, ಮದುಮಗಳ ಬಲ ರಟ್ಟೆಗೆ ಬಟ್ಟೆಯಲ್ಲಿ ನಾಣ್ಯ ಸುತ್ತಿ ಕಟ್ಟುತ್ತಾರೆ. ಕ್ಷೇಮವಾಗಿ ತಲುಪಿದ ಮೇಲೆ ಬಿಚ್ಚಿ ಆ ಹಣ ಖೈರಾತು ಮಾಡುತ್ತಾರೆ. ಜಾಮೀನುದಾರ ಅಂದರೆ ಶಿಯಾ ಪಂಥದ ಎಂಟನೆಯ ಇಮಾಮ್ ಅಲಿ ರಜಾ. ಖಲೀಫ ಮಾಮೂನ್ 817ರಲ್ಲಿ ಈ ಇಮಾಮರನ್ನು ತನ್ನ ಉತ್ತರಾಧಿಕಾರಿ ಎಂದು ಸಾರಿದಾಗ ಅವರ ಹೆಸರಿದ್ದ ನಾಣ್ಯಗಳನ್ನು ಟಂಕಿಸಲಾಯಿತು.

ಇಲ್ಲಿ ನಾಣ್ಯದ ಕೆಲಸ ಎರಡು ಹಂತದ್ದು. ದಾರಿಯುದ್ದಕ್ಕೂ ಖರ್ಚಾಗದೆ ಉಳಿಯಬೇಕು, ಮುಟ್ಟಿದ ಮೇಲೆ ಉಳಿಯಬಾರದು. ಆದ್ದರಿಂದ ಚಲಾವಣೆಯ ನಾಣ್ಯವೇ ಆಗಬೇಕು. ಅಲಂಕಾರದ ಬೆಳ್ಳಿ ಬಿಲ್ಲೆ ಹೊಲಿದ ರೆಡಿಮೇಡ್ ಪಟ್ಟಿಗಳು ಮದುವೆ ಸಾಮಾನಿನ ಜೊತೆ ಸಿಗುತ್ತವೆ, ಕಪಾಟಿನಲ್ಲೇ ಉಳಿಯುತ್ತವೆ. ಅಲ್ಲಿ ವಿಧಿಯ ಎರಡನೆಯ ಅರ್ಧ ಬಿಟ್ಟೇ ಹೋಗುತ್ತದೆ. ಹತ್ತು ಅಥವಾ ಇಪ್ಪತ್ತರ ನಾಣ್ಯ ಅಡ್ಡ 27 ಮಿಲಿಮೀಟರ್. ಅದಕ್ಕೆ ಮೂರು ಇಂಚು ಅಗಲ, ಎರಡು ಅಡಿ ಉದ್ದದ ಹಸಿರು ಪಟ್ಟಿ ಸರಿಹೋಗುತ್ತದೆ. ಪಟ್ಟಿಯನ್ನು ಉದ್ದಕ್ಕೆ ಮಡಚಿ, ನಡುವೆ ನಾಣ್ಯ ಇಟ್ಟು ಅದರ ಮೂರು ಬದಿ ಹೊಲಿಯಿರಿ. ಬರೀ ಗಂಟಿನಲ್ಲಿ ನಾಣ್ಯ ಜಾರುತ್ತದೆ. ಕಟ್ಟಿದಾಗ ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸದ್ದಾಗುವುದು ಖಂಡಿತ, ಮೊದಲೇ ಬಿಚ್ಚಿ ತಟ್ಟೆಯಲ್ಲಿಟ್ಟು ಆಚೆ ಹೋದ ಮೇಲೆ ಕಟ್ಟಿಕೊಳ್ಳಿ. ಪರದೇಶಕ್ಕೆ ಹೋದವರು ಅಲ್ಲಿ ನಮ್ಮ ನಾಣ್ಯ ಯಾರಿಗೆ ಕೊಡುವುದೆಂದು ಚಿಂತಿಸಬೇಕಿಲ್ಲ. ಬಿಚ್ಚಿದ ದಿನವೇ ಮನೆಯವರಿಗೆ ಫೋನು ಮಾಡಿ ಅಷ್ಟೇ ಮೊತ್ತ ಇಲ್ಲಿ ಕೊಡಿಸಿ, ನಾಣ್ಯವನ್ನು ಊರಿಗೆ ಬಂದಾಗ ಕೊಡಿ.

ಚಿಕ್ಕ ಮಕ್ಕಳಿಗೆ ಮಾತ್ರ ಬೇಡ. ಹಿಂದೆ ತೂತಿನ ಪೈಸೆಯನ್ನು ಉಡದಾರಕ್ಕೆ ಪೋಣಿಸುತ್ತಿದ್ದರು. 1943ರಿಂದ 1947ರವರೆಗೆ ಬಂದ ಕಂಚಿನ ಒಂದು ಪೈಸೆ ಅದು, ನಡುವೆ ದೊಡ್ಡ ತೂತು. ದಾರ ಹರಿದರೆ ಅದು ನೇರ ಮಗುವಿನ ಬಾಯಿಗೆ. ಮೂರು ವರ್ಷದೊಳಗಿನ ಮಗುವಿನ ನಾಣ್ಯ ತಾಯಿಯ ಸೆರಗಿನ ತುದಿಯಲ್ಲಿ ಇರಲಿ. ಈಗಿನ ನಾಣ್ಯಕ್ಕೆ ತೂತು ಕೊರೆಯುವ ಯೋಚನೆಯನ್ನೂ ಬಿಡಿ. ಚಲಾವಣೆಯ ನಾಣ್ಯ ಕತ್ತರಿಸುವುದು, ಕರಗಿಸುವುದು, ಹಾಳುಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ.

ಹೊಸ್ತಿಲ ಕೆಳಗೆ

ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಬಳಿ ಥೇಮ್ಸ್ ನದಿಯಲ್ಲಿ 1962ರಲ್ಲಿ ರೋಮನ್ ಕಾಲದ ಹಡಗು ಸಿಕ್ಕಿತು. ಹಾಯಿಕಂಬ ನಿಲ್ಲಿಸುವ ಕುಳಿಯಲ್ಲಿ ಡೊಮಿಷಿಯನ್ ದೊರೆಯ ಒಂದು ತಾಮ್ರ ಬಣ್ಣದ ಕಾಸು ಇತ್ತು, ಭಾಗ್ಯದೇವತೆ ಫಾರ್ಚುನಾಳ ಚಿತ್ರ ಮೇಲ್ಮುಖವಾಗಿ. ಕಂಬ ನಿಂತ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಗೌಂಡಿಗಳು ಚೌಕಟ್ಟು ನಿಲ್ಲಿಸುವಾಗ ಹೊಸ್ತಿಲಡಿ ಕಾಸು ಇಟ್ಟು ಮಾಡುವುದೂ ಇದನ್ನೇ.

ಇಲ್ಲಿ ನಾಣ್ಯ ಮನೆ ನಿಂತಷ್ಟು ಕಾಲ ಅಲ್ಲೇ ಇರುತ್ತದೆ, ಹೀಗಾಗಿ ಲೋಹ ನೋಡಿ ಆರಿಸಬೇಕು. ಎಲ್ಲಕ್ಕಿಂತ ದೊಡ್ಡ ತಪ್ಪು ಅಂದರೆ ಮನೆಯ ಡಬ್ಬಿಯಲ್ಲಿ ಉಳಿದ ಹಳೆಯ ಅಲ್ಯೂಮಿನಿಯಂ ಪೈಸೆಗಳನ್ನು ಹಾಕುವುದು. ಹೂವಿನಂಚಿನ ಹತ್ತು ಪೈಸೆ, ಚೌಕದ ಐದು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆ ಇವುಗಳಲ್ಲಿ ಹೆಚ್ಚಿನವು ಅಲ್ಯೂಮಿನಿಯಂ. ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ, ಹೈಡ್ರೋಜನ್ ಅನಿಲ ಹೊರಡುತ್ತದೆ, ಲೋಹ ಉಬ್ಬುತ್ತದೆ. ಮೇಲಿನ ಗಿಲಾವು ಟೊಳ್ಳಾಗಿ ಬಿರುಕು ಬಿಡುತ್ತದೆ. ಹಿಡಿ ತುಂಬ ಹಾಕಿದ ಕಡೆ ಫರ್ಸಿ ಸಡಿಲವಾಗುವುದು ಇದರಿಂದಲೇ. ತಾಮ್ರ, ಬೆಳ್ಳಿ, ಸ್ಟೇನ್‌ಲೆಸ್ ಉಕ್ಕು ಸಿಮೆಂಟಿನಲ್ಲಿ ಸುಮ್ಮನಿರುತ್ತವೆ. ತಾಮ್ರದ ಕಾಸು ಕಬ್ಬಿಣದ ಸರಳಿಗೆ ಮಾತ್ರ ತಾಗಬಾರದು. ತೇವ ಬಂದಾಗ ಎರಡು ಲೋಹದ ನಡುವೆ ಸರಳೇ ತುಕ್ಕು ಹಿಡಿಯುತ್ತದೆ. ಎರಡು ಇಂಚು ಅಂತರ ಇರಲಿ. ಉಪ್ಪಿನ ಹರಳು ಜೊತೆಗೆ ಹಾಕುವ ರೂಢಿ ಇದ್ದರೆ ಅದನ್ನೂ ಬಿಡಿ, ಕಾರಣ ಅದೇ.

ನವಧಾನ್ಯದ ವಿಷಯ. ಕಾಳು, ಬಟ್ಟೆ, ಕೊಬ್ಬರಿ ಹೊಸ್ತಿಲ ಕೆಳಗೆ ಮುಚ್ಚಿದರೆ ಕೊಳೆತು ಟೊಳ್ಳು ಬೀಳುತ್ತದೆ, ಗೆದ್ದಲಿಗೆ ಆಹಾರ ಆಗುತ್ತದೆ. ಗೆದ್ದಲು ಅಲ್ಲಿಂದ ತೇಗಿನ ಚೌಕಟ್ಟಿಗೆ ಏರಲು ಎಷ್ಟು ಹೊತ್ತು? ಧಾನ್ಯದ ಗಂಟನ್ನು ಚೌಕಟ್ಟಿನ ಮೇಲ್ಪಟ್ಟಿಗೆ ಕಟ್ಟಿ, ವಾಸ್ತುಶಾಂತಿಯಾದ ಮೇಲೆ ಬಿಚ್ಚಿ ಹೊಲಕ್ಕೋ ಕುಂಡಕ್ಕೋ ಹಾಕಿ, ಮೊಳಕೆ ಬರಲಿ. ಕೆಳಗೆ ಲೋಹ ಮಾತ್ರ.

ಗೌಂಡಿಗೆ ಹಿಂದಿನ ದಿನವೇ ಹೇಳಿ ಹೊಸ್ತಿಲ ನಡುಮಧ್ಯ ಅಂಗೈಯಗಲ, ಮೂರು ಇಂಚು ಆಳದ ಕುಳಿ ಬಿಡಿಸಿ. ಒಣ ಮರಳು ಒಂದು ಇಂಚು ಹಾಸಿ. ಐದು ರೂಪಾಯಿ, ಒಂದು ಗ್ರಾಂ ಬೆಳ್ಳಿ, ಒಂದು ತಾಮ್ರದ ತುಂಡು ಒಂದಕ್ಕೊಂದು ತಾಗದಂತೆ ಜೋಡಿಸಿ. ನಾಲ್ಕು ದಿಕ್ಕಿಗೆ ನಾಲ್ಕು ರೂಪಾಯಿ, ನಡುವೆ ಐದನೆಯದು ಕೂರಿಸಿದರೆ ಸವ್ವಾದ ಪ್ರಮಾಣ ಅಲ್ಲೇ ಮೂಡುತ್ತದೆ. ಮೇಲೆ ಮತ್ತೆ ಒಣ ಮರಳು ತುಂಬಿ ಕೈಯಿಂದ ಒತ್ತಿ, ಆಮೇಲೆ ಗಾರೆ, ಆಮೇಲೆ ಶಹಾಬಾದಿ ಕಲ್ಲು. ಎರೆಮಣ್ಣಿನ ನೆಲದಲ್ಲಿ ಬುನಾದಿಯ ಹೊರಗೆ, ಬರೀ ಮಣ್ಣಿನಲ್ಲಿ ಹೂಳಬೇಡಿ. ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿದು ಬಾಯಿ ತೆರೆಯುತ್ತದೆ, ಇಟ್ಟದ್ದು ಇಟ್ಟಲ್ಲಿ ಉಳಿಯುವುದಿಲ್ಲ. "ಪಂಚಲೋಹ" ಎಂದು ಪೂಜಾ ಸಾಮಾನಿನ ಅಂಗಡಿಯಲ್ಲಿ ಕೊಡುವ ಪುಡಿಕೆಯಲ್ಲಿ ಸೀಸ ಇರಬಹುದು, ಮಕ್ಕಳ ಕೈಗೆ ಕೊಡಬೇಡಿ.

ಹಳೆಯ ವಾಡೆ ಕೆಡವುವಾಗ ಹೊಸ್ತಿಲಡಿ ಕಾಸು ಸಿಕ್ಕರೆ, ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿ ಹುಡುಕಿಕೊಡುತ್ತೇನೆ ಎಂದು ಬರುವವರನ್ನು ಒಳಗೆ ಬಿಡಬೇಡಿ. ನಿಧಿಯ ಹೆಸರಿನಲ್ಲಿ ನಡೆಸುವ ಮಾಟದ ಆಚರಣೆಗಳು ಕರ್ನಾಟಕದ 2017ರ ಕಾಯ್ದೆಯಲ್ಲಿ ಶಿಕ್ಷಾರ್ಹ.

ನೀರಿಗೆ ಹಾಕುವ ಕಾಸು

ಇಂಗ್ಲೆಂಡಿನ ಬಾತ್ ಊರಿನ ಬಿಸಿನೀರಿನ ಬುಗ್ಗೆಯಲ್ಲಿ ಸುಲಿಸ್ ಮಿನರ್ವಾ ದೇವಿಗೆ ಹಾಕಿದ 12,000ಕ್ಕೂ ಹೆಚ್ಚು ರೋಮನ್ ನಾಣ್ಯಗಳು ದೊರೆತಿವೆ. ನೀರಿಗೆ ಕಾಸು ಬಿಡುವುದು ಅಷ್ಟು ಹಳೆಯದು, ಅಷ್ಟು ವಿಶಾಲ. ಆದರೆ ಅದು ಒಂದು ಬುಗ್ಗೆ, ಒಂದು ಗುಡಿ. ಚಲಿಸುವ ಬಸ್ಸಿನ ಕಿಟಕಿಯಿಂದ ಭೀಮಾ ಸೇತುವೆಯ ಮೇಲೆ ಎಸೆದ ನಾಣ್ಯ ಕೆಳಗೆ ಬಟ್ಟೆ ಒಗೆಯುವವರ, ಮೀನು ಹಿಡಿಯುವವರ ತಲೆಗೆ ಬೀಳಬಹುದು. "ತಾಮ್ರ ನೀರು ಶುದ್ಧ ಮಾಡ್ತದ" ಅನ್ನುವ ಸಮರ್ಥನೆಯನ್ನೂ ಒಪ್ಪಲಾಗದು. ತಾಮ್ರದ ತಂಬಿಗೆಯಲ್ಲಿ ರಾತ್ರಿಯಿಡೀ ನಿಂತ ನೀರಿನಲ್ಲಿ ಕೆಲವು ಸೂಕ್ಷ್ಮಜೀವಿ ಸಾಯುವುದು ನಿಜ. ಹರಿಯುವ ಹೊಳೆಗೆ ಒಂದು ಕಾಸು ಏನೂ ಮಾಡದು, ಉಕ್ಕಿನ ರೂಪಾಯಿಯಂತೂ ಆ ಕೆಲಸಕ್ಕೆ ಸಂಬಂಧವೇ ಇಲ್ಲದ್ದು.

ಹೊಳೆಗೆ ಕೊಡುವುದರ ಜೀವ ಕೈಬಿಡುವುದರಲ್ಲಿದೆ. ಗಾಣಗಾಪುರದ ಸಂಗಮದಲ್ಲಿ ಮೊಣಕಾಲ ಮಟ್ಟ ಇಳಿದು, ನಾಣ್ಯವನ್ನು ಬೊಗಸೆ ನೀರಿನಲ್ಲಿ ಹಿಡಿದು, ಬೇಡಿಕೊಂಡು, ನೀರು ಮಾತ್ರ ಹೊಳೆಗೆ ಬಿಡಿ. ತೊಯ್ದ ನಾಣ್ಯವನ್ನು ದಂಡೆಯಲ್ಲಿ ಅನ್ನ ಹಾಕುವವರಿಗೆ ಕೊಡಿ. ರೋಮಿನ ಟ್ರೆವಿ ಕಾರಂಜಿಗೆ ಪ್ರವಾಸಿಗರು ಎಸೆದದ್ದನ್ನೂ ನಗರಸಭೆ ತೆಗೆಸಿ ಕ್ಯಾರಿತಾಸ್ ಎಂಬ ಸೇವಾಸಂಸ್ಥೆಗೆ ಕೊಡುತ್ತದೆ. ಬೀದರ್‌ನ ನರಸಿಂಹ ಝರಣಿಯಲ್ಲಿ ಎದೆಮಟ್ಟ ನೀರಿನಲ್ಲಿ ಬರಿಗಾಲಲ್ಲಿ ಜನ ನಡೆಯುತ್ತಾರೆ. ಅಲ್ಲಿ ತಳಕ್ಕೆ ಏನನ್ನೂ ಬಿಡದೆ ಪೆಟಗಿಗೆ ಹಾಕಿ.

ಹೊಲದಲ್ಲಿ ಬೋರು ಕೊರೆಸಿದವರಿಗೆ ಇನ್ನೊಂದು ಮಾತು. ಗಂಗಾಪೂಜೆ ಮಾಡಿ ಕೇಸಿಂಗಿನೊಳಗೆ ಹಿಡಿ ನಾಣ್ಯ ಸುರಿಯುತ್ತಾರೆ. ಆಮೇಲೆ ಮೋಟರ್ ಇಳಿಸುವಾಗ ಅಂಥದೊಂದು ನಾಣ್ಯ ಮೋಟರಿಗೂ ಪೈಪಿನ ಗೋಡೆಗೂ ನಡುವೆ ಬೆಣೆಯಂತೆ ಸಿಕ್ಕಿಕೊಂಡರೆ ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಎಳೆದರೆ ಕೇಬಲ್ ಹರಿಯುತ್ತದೆ, ಬೋರೇ ಹೋಗುತ್ತದೆ. ಬೋರಿಗೆ ಅರಿಷಿಣ-ಕುಂಕುಮ ಬಾಯಿಗೆ ಹಚ್ಚಿ, ನಾಣ್ಯವನ್ನು ಕೇಸಿಂಗಿನ ಸುತ್ತ ಹಾಕುವ ಕಾಂಕ್ರೀಟ್ ಕಟ್ಟೆಯಲ್ಲಿ ಕೂರಿಸಿ.

ಕಲಶದ ನೀರಿನಲ್ಲಿಯೂ ನಾಣ್ಯ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ನೀರು ತೀರ್ಥವಾಗಿ ಎಲ್ಲರ ಬಾಯಿಗೆ ಹೋಗುತ್ತದೆ, ನಾಣ್ಯ ಸಾವಿರ ಕೈ ದಾಟಿ ಬಂದಿರುತ್ತದೆ. ಕಲಶದ ಕೆಳಗಿನ ಅಕ್ಕಿಯಲ್ಲಿ ಐದು ರೂಪಾಯಿ ಹೂತಿಡಿ. ತಾಮ್ರದ ಕಾಸನ್ನು ಪಂಚಾಮೃತಕ್ಕೆ ಹಾಕುವುದು ಇನ್ನೂ ಕೆಟ್ಟದ್ದು. ಮೊಸರಿನ ಹುಳಿಗೆ ತಾಮ್ರ ಕರಗುತ್ತದೆ, ಕಿಲುಬು ಹೊಟ್ಟೆಗೆ ಹೋಗಿ ವಾಂತಿ ಬರುತ್ತದೆ. ಸನ್ನತಿಯ ಕಡೆ ಶಾತವಾಹನರ ಕಾಲದ ಸೀಸದ ನಾಣ್ಯಗಳು ದೊರೆತಿವೆ. ಹಳೆಯದು, ಪವಿತ್ರ ಎಂದು ಸೀಸವನ್ನು ಎಂದೂ ಕುಡಿಯುವ ನೀರಿಗೆ ಮುಟ್ಟಿಸಬೇಡಿ.

ನಿವಾಳಿಸಿದ ಕಾಸು

ದೃಷ್ಟಿ ತೆಗೆಯುವಾಗ ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿಯ ಜೊತೆ ಒಂದು ಕಾಸು ಮುಷ್ಟಿಯಲ್ಲಿ ಹಿಡಿಯುತ್ತಾರೆ. ಮೆಣಸಿನಕಾಯಿ ಒಲೆಗೆ, ಕಾಸು ಮೂರು ದಾರಿ ಕೂಡುವಲ್ಲಿಗೆ ಅಥವಾ ಬೇಡುವವರ ಕೈಗೆ. ಉಬ್ಬಸ ಇರುವವರ, ಕೂಸಿನ ಹತ್ತಿರ ಮೆಣಸಿನ ಹೊಗೆ ಹಾಕಬಾರದು, ಆಚೆ ಸುಡಿ. ನಿಂಬೆಹಣ್ಣು ಸೀಳಿ ಕುಂಕುಮ ಹಚ್ಚಿ ನಡುವೆ ನಾಣ್ಯ ಸಿಕ್ಕಿಸಿ ರಸ್ತೆಯಲ್ಲಿ ಇಟ್ಟರೆ ಬೈಕ್ ಜಾರುತ್ತದೆ, ಮಕ್ಕಳು ನಾಣ್ಯ ಎತ್ತಿಕೊಂಡು ಅದೇ ಕೈಯಲ್ಲಿ ತಿನ್ನುತ್ತಾರೆ. ಸಿಂಧೂರ ಎಂದು ಮಾರುವ ಕೆಲವು ಪುಡಿಗಳಲ್ಲಿ ಸೀಸ ಇರುತ್ತದೆ.

ಇದರಲ್ಲಿ ನನಗೆ ಹೆಚ್ಚು ನೋವಾಗುವುದು ಬೇಡುವವರಿಗೆ ಕೊಡುವ ರೂಢಿ. ಪೀಡೆ ಹೊತ್ತ ಕಾಸು ಎಂದು ನಂಬಿ, ಅದನ್ನೇ ಬಡವರ ಬೊಗಸೆಗೆ ಹಾಕುವುದು ದಾನವಲ್ಲ. ನಂಬಿಕೆ ಇಲ್ಲದಿದ್ದರೆ ನಿವಾಳಿಸುವುದೇ ಬೇಡ, ಇದ್ದರೆ ಆ ಭಾರ ಇನ್ನೊಬ್ಬರ ಮೇಲೆ ಹಾಕಬಾರದು. ನಿವಾಳಿಸಿದ ಕಾಸನ್ನು ತೊಳೆಯಿರಿ, ಉಪ್ಪು ಉಳಿದರೆ ತುಕ್ಕು ಹಿಡಿಯುತ್ತದೆ. ಒಂದು ಡಬ್ಬಿಯಲ್ಲಿ ಕೂಡಿಡಿ, ಅಮಾವಾಸ್ಯೆಗೆ ಅದರಿಂದ ಹಕ್ಕಿಗಳಿಗೆ ಜೋಳವೋ ದನಗಳಿಗೆ ಮೇವೋ ಕೊಳ್ಳಿ. ಮನುಷ್ಯರಿಗೆ ಕೊಡುವುದನ್ನು ಬೇರೆಯಾಗಿ, ನಿವಾಳಿಸದೆ, ಕೈಮುಗಿದು ಕೊಡಿ. ಶರಣಬಸವೇಶ್ವರರ ದಾಸೋಹದ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಜ್ವರ, ಹಾವು ಕಡಿತ, ನಾಯಿ ಕಡಿತಕ್ಕೆ ಕಾಸು ನಿವಾಳಿಸುತ್ತ ಕೂರಬೇಡಿ, ಆಸ್ಪತ್ರೆ ಮೊದಲು.

ಹಳೆಯ ನಾಣ್ಯ ಬೇಕೇ ಬೇಕು ಎನ್ನುವವರು

ದೀಪಾವಳಿ ಲಕ್ಷ್ಮಿಗೆ ರಾಣಿ ಛಾಪ್, ರಾಜಾ ಛಾಪ್, ಅಂದರೆ ಬ್ರಿಟಿಷ್ ರಾಣಿ, ರಾಜರ ಮುಖವಿರುವ ಹಳೆಯ ಬೆಳ್ಳಿ ರೂಪಾಯಿ ಇಡುವವರು ಕೊಳ್ಳುವ ಮೊದಲು ತೂಗಿ ನೋಡಿ. 11.66 ಗ್ರಾಂ ಬರಬೇಕು, ಅಯಸ್ಕಾಂತಕ್ಕೆ ಅಂಟಬಾರದು. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು. 1947ರ ಹುಲಿ ಚಿತ್ರದ ರೂಪಾಯಿ ನಿಕ್ಕೆಲ್, ಅದು ಅಸಲಿಯಾದರೂ ಅಯಸ್ಕಾಂತಕ್ಕೆ ಅಂಟುತ್ತದೆ. 1616, 1717, 1818 ಎಂದು ಇಸವಿ ಇದ್ದು ಹನುಮಂತನೋ ರಾಮನೋ ಇರುವ "ಕಂಪನಿ ಸರ್ಕಾರದ" ನಾಣ್ಯಗಳು ಎಲ್ಲವೂ ನಕಲಿ. ಈಸ್ಟ್ ಇಂಡಿಯಾ ಕಂಪನಿ ಅಂಥದ್ದನ್ನು ಹೊರಡಿಸಲೇ ಇಲ್ಲ. ಅಕ್ಕಿ ಎಳೆಯುವ ತಾಮ್ರ, ರೈಸ್ ಪುಲ್ಲರ್ ಎಂದು ಲಕ್ಷ ಕೇಳುವವರು ಮೋಸಗಾರರು. ವೈಷ್ಣೋದೇವಿ ಚಿತ್ರದ ಐದು, ಹತ್ತರ ನಾಣ್ಯ ನಿಜವಾದದ್ದೇ, ಆದರೆ ಅದರ ಬೆಲೆ ಲಕ್ಷವಲ್ಲ. ಹಳೆಯ ನಾಣ್ಯದ ಮಾರಾಟದ ಹೆಸರಿನ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಬೆಳ್ಳಿ ರೂಪಾಯಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಬಟ್ಟಲಿನ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಅದರ ಮೇಲೆ ನಾಣ್ಯ ಇಟ್ಟು, ಒಂದು ಚಮಚ ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸುರಿಯಿರಿ. ಐದು ನಿಮಿಷದಲ್ಲಿ ಕಪ್ಪು ಇಳಿಯುತ್ತದೆ. ತೊಳೆದು ಒತ್ತಿ ಒರೆಸಿ, ಉಜ್ಜಬೇಡಿ.

ಫೋನಿನಲ್ಲಿ ಕೊಡುವವರಿಗೆ

ಬೆಂಗಳೂರು, ಪುಣೆಯಲ್ಲಿರುವವರು ಈಗ ದಕ್ಷಿಣೆಯನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಬೆಲೆಯ ಕೆಲಸ ಅದರಿಂದ ಪೂರ್ತಿ ಆಗುತ್ತದೆ, ಕೈಯಲ್ಲಿ ಹಿಡಿದು ಬಿಡುವ ಕೆಲಸ ಆಗುವುದಿಲ್ಲ. ಎರಡನ್ನೂ ಕೂಡಿಸಬಹುದು. ದೇವರ ಮುಂದೆ ಐದು ರೂಪಾಯಿ ಬಿಡಿ ನಾಣ್ಯ ಬಲ ಅಂಗೈಯಲ್ಲಿ ಇಟ್ಟುಕೊಂಡು ಎರಡು ಹನಿ ನೀರು ಬಿಟ್ಟು ಸಂಕಲ್ಪ ಮಾಡಿ, ತಾಟಿಗೆ ಹಾಕಿ, ಆಮೇಲೆ 125 ಅಥವಾ 250 ಕಳಿಸಿ. ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ಯಾರ ಹೆಸರಿನದು ಎಂದು ಬರೆಯಿರಿ, ಇಲ್ಲದಿದ್ದರೆ ಗುಡಿಯ ಲೆಕ್ಕದಲ್ಲಿ ಅದು ಬರೀ ಒಂದು ಜಮೆ. ತಾಟಿನ ಬಿಡಿ ನಾಣ್ಯ ಊರಿಗೆ ಬಂದಾಗ ಪೆಟಗಿಗೆ.

ಹತ್ತರ ನಾಣ್ಯ ನಡೆಯುವುದಿಲ್ಲ ಎಂದು ಅಂಗಡಿಯವರು ತಿರಸ್ಕರಿಸಿದ್ದನ್ನೆಲ್ಲ ಗುಡಿಗೆ ತಂದು ಸುರಿಯುವುದೂ ಉಂಟು. ಹತ್ತರ ಹದಿನಾಲ್ಕು ವಿನ್ಯಾಸವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ, ಹೀಗಾಗಿ ಅರ್ಪಿಸಲು ಅಡ್ಡಿಯಿಲ್ಲ. ಆದರೆ ಒಂದು ಪಾವತಿಗೆ ಸಾವಿರ ರೂಪಾಯಿಗಿಂತ ಹೆಚ್ಚು ನಾಣ್ಯವನ್ನು ಸ್ವೀಕರಿಸಲೇಬೇಕೆಂಬ ಕಾನೂನು ಇಲ್ಲ. ಮೂರು ವರ್ಷದ ಡಬ್ಬಿ ಒಮ್ಮೆಲೇ ಒಯ್ಯುವವರು ಮೊದಲೇ ಗುಡಿಯವರಿಗೆ ಹೇಳಿ, ಬೆಲೆವಾರು ಬೇರೆ ಮಾಡಿ, ನೂರು ನೂರು ನಾಣ್ಯದ ಗಂಟು ಕಟ್ಟಿ, ಮೇಲೆ ಮೊತ್ತದ ಚೀಟಿ ಅಂಟಿಸಿ ಒಯ್ಯಿರಿ.